‘ನೆಕ್ಸ್ಟ್’ ಮೀಮಾಂಸೆ: ಉಡುಪಿ ಸೀಮೆಯ ಅನುಕ್ರಮ ಸಂಕಥನದ ಒಂದು ತಾತ್ವಿಕ ಅನುಸಂಧಾನ

ಪೀಠಿಕೆ

ವಸಾಹತೋತ್ತರ ಕರಾವಳಿಯ ಸಾಂಸ್ಕೃತಿಕ ಪರಿಪ್ರೇಕ್ಷ್ಯದಲ್ಲಿ ‘ನೆಕ್ಸ್ಟ್’ ಎಂಬ ಆಂಗ್ಲ ಪದವು ಕೇವಲ ಪದವಾಗಿರದೆ ಚಹರೆಯಾಗಿ, ಚಹರೆಯಾಗಿರದೆ ಅಸ್ಮಿತೆಯಾಗಿ, ಅಸ್ಮಿತೆಯೂ ಆಗಿರದೆ ಒಂದು ವಾಗ್ವಾದದ ನೆಲೆಯಾಗಿ ರೂಪುಗೊಂಡ ಪ್ರಕ್ರಿಯೆಯನ್ನು ಪ್ರಸ್ತುತ ಪ್ರಬಂಧವು ಬಹುಶಿಸ್ತೀಯ ನೆಲೆಯಿಂದ ಮುಖಾಮುಖಿಯಾಗುತ್ತದೆ. ಈ ವಾಕ್ಯದ ಅರ್ಥವನ್ನು ಯಾರೂ ಕೇಳಬಾರದಾಗಿ ವಿನಂತಿ. ಕೇಳುವ ಪದ್ಧತಿ ಈ ಕ್ಷೇತ್ರದಲ್ಲಿ ಇಲ್ಲ.

ಸಂಶೋಧನೆಗೆ ಪ್ರೇರಣೆ ಒಂದು ವಿಚಾರಸಂಕಿರಣ. ಎಲ್ಲಿಯದ್ದು ಎಂಬುದು ಬೇಡ. ದಿಕ್ಸೂಚಿ ಭಾಷಣಕಾರರು ‘ಅಂಚಿಗೆ ತಳ್ಳಲ್ಪಟ್ಟವರ ಸಂಕಥನ’ದ ಕುರಿತು ಊಟದ ಹೊತ್ತು ಮೀರುವ ತನಕ ಮಾತಾಡಿದರು. ವೇದಿಕೆ ಇಳಿದವರೇ, ಬಟ್ಟಲು ಹಿಡಿದು ನಿಂತಿದ್ದ ಮಕ್ಕಳನ್ನೆಲ್ಲ ಅಂಚಿಗೆ ತಳ್ಳಿ ಸೀದಾ ಸಾಂಬಾರಿನ ಕೊಪ್ಪರಿಗೆಯ ಎದುರು ಹೋಗಿ ನಿಂತರು. ಸಂಘಟಕರು ಕೈಮುಗಿದು ಹಪ್ಪಳ ಬಡಿಸಿದರು. ಸಿದ್ಧಾಂತಕ್ಕೂ ಪ್ರಯೋಗಕ್ಕೂ ನಡುವಿನ ಈ ಬಿರುಕಿನಲ್ಲೇ ನಮ್ಮ ಪ್ರಬಂಧ ಮೊಳಕೆಯೊಡೆದಿದೆ.

ಅಧ್ಯಾಯ ಒಂದು: ಪೂರ್ವಸೂರಿಗಳು

ಅಮರಕೋಶವು ಅನುಕ್ರಮಕ್ಕೆ ಆನುಪೂರ್ವೀ, ಆವೃತ್, ಪರಿಪಾಟೀ, ಪರ್ಯಾಯ ಎಂಬ ಸಮಾನಪದಗಳನ್ನು ಕೊಡುತ್ತದೆ. ಶಾಲೆಯಲ್ಲಿ ‘ಪರ್ಯಾಯ ಪದ’ ಎಂದರೆ ಸಮಾನಾರ್ಥಕ ಪದ. ಉಡುಪಿಯಲ್ಲಿ ಪರ್ಯಾಯ ಎಂದರೆ ಕೃಷ್ಣನ ಪೂಜೆಗೆ ಎಂಟು ಮಠಗಳ ಸ್ವಾಮಿಗಳ ಸರದಿ. ಆದ್ದರಿಂದ ‘ನೆಕ್ಸ್ಟ್’ ಶಬ್ದದ ಪರ್ಯಾಯ ಪದ ಯಾವುದೆಂದರೆ ‘ಪರ್ಯಾಯ’. ಇಷ್ಟಕ್ಕೇ ಪಿಎಚ್.ಡಿ. ಕೊಡಬಹುದಿತ್ತು. 1894ರಲ್ಲಿ ಮಂಗಳೂರಿನಿಂದ ಹೊರಟ ಕಿಟೆಲರ ನಿಘಂಟನ್ನೂ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳಲ್ಲಿ ತಂದ ತುಳು ನಿಘಂಟನ್ನೂ ಇಲ್ಲಿ ಉಲ್ಲೇಖಿಸುತ್ತಿರುವುದು ಪ್ರಬಂಧಕ್ಕೆ ತೂಕ ಬರಲಿ ಎಂದು. ಡಾ. ಯು.ಪಿ. ಉಪಾಧ್ಯಾಯರಂಥವರು ಊರೂರಿನ ಮಾತು ಹೆಕ್ಕಿ ನಿಘಂಟು ಕಟ್ಟಿದರು. ಅವರ ಮುಂದೆ ನಮ್ಮ ‘ಅನುಸಂಧಾನ’ ಎಂಥದ್ದು ಎಂಬುದನ್ನು ಹೇಳದಿರುವುದೇ ಮರ್ಯಾದೆ. ನೆಕ್ಸ್ಟ್ ಶಬ್ದದ ನಿರುಕ್ತವನ್ನು ಮೂರನೇ ಅಧ್ಯಾಯಕ್ಕೆ ಮುಂದೂಡಲಾಗಿದೆ.

ಅಧ್ಯಾಯ ಎರಡು: ವರ್ಗೀಕರಣ

ನೆಕ್ಸ್ಟ್ ಏಳು ಬಗೆ.

ಮೊದಲನೆಯದು ನಿತ್ಯ-ನೆಕ್ಸ್ಟ್. ಇದರಲ್ಲಿ ಮುಂದೆ ಯಾರೆಂಬುದು ಮೊದಲೇ ಇತ್ಯರ್ಥವಾಗಿರುತ್ತದೆ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ, ಪುನಃ ಪಲಿಮಾರು. ಮೊದಲು ಎರಡೆರಡು ತಿಂಗಳಿದ್ದ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ಹಿಗ್ಗಿಸಿದರು, 1522ರಲ್ಲಿ. ಒಂದು ಮಠಕ್ಕೆ ಪೂಜೆ ಮರಳಿ ಬರುವುದು ಹದಿನಾರು ವರ್ಷಕ್ಕೆ. ಸುಮ್ಮನೆ ಬರುವುದಲ್ಲ: ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಆಗಬೇಕು, ಜನವರಿ 18ರ ನಸುಕಿಗೆ ಕಾಪುವಿನ ದಂಡತೀರ್ಥದಲ್ಲಿ ಮಿಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬರಬೇಕು, ಹಿಂದಿನವರು ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಕೈಗಿಡಬೇಕು. 2024ಕ್ಕೆ ಪುತ್ತಿಗೆ, 2026ಕ್ಕೆ ಶೀರೂರು, 2028ಕ್ಕೆ ಸೋದೆ. ಕ್ಯಾಲೆಂಡರ್ ಇದ್ದವರು ಮೊಮ್ಮಕ್ಕಳ ಕಾಲದ್ದನ್ನೂ ಲೆಕ್ಕ ಹಾಕಬಹುದು. ಬಿಲ್ಲೆ ಇಲ್ಲ, ಯಂತ್ರ ಇಲ್ಲ, ‘ಸರ್ವರ್ ಡೌನ್’ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಕಾರ್ಕಳದ ಗೊಮ್ಮಟ 1432ರಿಂದ ನಿಂತೇ ಇದ್ದಾನೆ. ಹನ್ನೆರಡು ವರ್ಷಕ್ಕೊಮ್ಮೆ ನೀರು ಹೊಯ್ಯುತ್ತಾರೆಯೇ ಹೊರತು ಇಲ್ಲಿಯ ತನಕ ಯಾರೂ ಅವನನ್ನು ‘ನೆಕ್ಸ್ಟ್’ ಎಂದು ಕರೆದ ದಾಖಲೆ ನಮಗೆ ಸಿಕ್ಕಿಲ್ಲ.

ಎರಡನೆಯದು ಮುಂದೂಡಿಕಾ-ನೆಕ್ಸ್ಟ್. ಕರಾವಳಿ ಕನ್ನಡದಲ್ಲಿ ಇದರ ರೂಪ ‘ಮತ್ತೆ’, ತುಳುವಿನಲ್ಲಿ ‘ಬೊಕ್ಕ’. ಬೆಂಗಳೂರಿನ ಅಂಗಡಿಯವರು ‘ಮತ್ತೆ ಬನ್ನಿ’ ಎಂದರೆ ಇನ್ನೊಮ್ಮೆ ಬನ್ನಿ ಎಂಬ ಉಪಚಾರ. ನಮ್ಮಲ್ಲಿ ಹಾಗೆಂದರೆ ಈಗ ಆಗುವುದಿಲ್ಲ, ಆಮೇಲೆ ಬನ್ನಿ ಎಂದು. ಮಣಿಪಾಲಕ್ಕೆ ಓದಲು ಬಂದ ಬಯಲುಸೀಮೆಯ ಹುಡುಗ ಜೆರಾಕ್ಸ್ ಅಂಗಡಿಯಲ್ಲಿ ಈ ಮಾತು ಕೇಳಿ, ಎಷ್ಟು ಒಳ್ಳೆಯ ಜನ ಎಂದುಕೊಂಡು ಹಾಸ್ಟೆಲ್ಲಿಗೆ ನಡೆದುಬಿಡುತ್ತಾನೆ. ಅವನ ಪ್ರಾಜೆಕ್ಟ್ ರಿಪೋರ್ಟು ಅಲ್ಲೇ ಬಾಕಿ. ಒಂದೇ ಭಾಷೆಯೊಳಗೆ ಇಂಥ ಹೊಂಡ ಇರುವಾಗ ನಮ್ಮ ವಿದ್ವಾಂಸರು ಫ್ರಾನ್ಸಿನ ಹೊಂಡಗಳಿಗೆ ಯಾಕೆ ಬೀಳುತ್ತಾರೋ.

ಮೂರನೆಯದು ಚಲನಶೀಲ-ನೆಕ್ಸ್ಟ್. ‘ಹಿಂದೆ ಖಾಲಿ ಬಸ್ಸುಂಟು’ ಎಂದು ಕಂಡಕ್ಟರ್ ಹೇಳುವ ಆ ಬಸ್ಸು. ಅದಕ್ಕೂ ಒಂದು ಟೈಮಿಂಗ್ ಇದೆ, ಎದುರಿನವ ಎರಡು ನಿಮಿಷ ನುಂಗಿದ್ದಕ್ಕೆ ಹಿಂದಿನವ ಹಾರ್ನ್ ಒತ್ತಿ ಜಗಳ ತೆಗೆಯುತ್ತಾನೆ. ನಾಲ್ಕನೆಯದು ಪ್ರಶ್ನಾರ್ಥಕ: ‘ಪಿಯುಸಿ ಆಯ್ತಲ್ಲ, ನೆಕ್ಸ್ಟ್ ಎಂತ?’ ಇದಕ್ಕೆ ಉತ್ತರ ಮಣಿಪಾಲದ ಫೀಸಿನ ಪಟ್ಟಿಯಲ್ಲಿದೆ. ಐದನೆಯದು, ಆರನೆಯದು, ಏಳನೆಯದು ಸಹ ಇವೆ. ಬಿಡಿ. ಏಳೆಂದರೆ ಗಾಂಭೀರ್ಯವಿರುತ್ತದೆ ಎಂದು ಹೇಳಿದ್ದು.

ಅಧ್ಯಾಯ ಮೂರು: ನಿರುಕ್ತ

ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ‘ಎಲ್ಲರಿಗಿಂತ ಹತ್ತಿರದವ’ ಎಂದು ಅರ್ಥ. ಹಿಂದೆ ಬಂದವ, ಮುಂದೆ ಬಂದವ ಎಂಬ ಲೆಕ್ಕ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಇಂಗ್ಲಿಷರೇ ಮರೆತ ಆ ಮೂಲಾರ್ಥವನ್ನು ನಮ್ಮ ಕಚೇರಿಗಳು ಜತನದಿಂದ ಉಳಿಸಿಕೊಂಡಿವೆ. ನೆಕ್ಸ್ಟ್ ಯಾರು? ಸಾಹೇಬರಿಗೆ ಹತ್ತಿರದವರು.

ಇಲ್ಲಿ ಕ್ರಮಪ್ರಕಾರ ಬ್ಯಾಂಕುಗಳ ಹಿತ್ತಾಳೆ ಟೋಕನ್ನಿನ ಬಗ್ಗೆ ಒಂದು ಉಪ-ಅಧ್ಯಾಯ ಬರಬೇಕು. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ಎರಡೂ ಉಡುಪಿಯಲ್ಲೇ ಹುಟ್ಟಿದವು. ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳೊಳಗೆ ಕರಗಿದವು. ಪಿಗ್ಮಿಗೆ ನಾಲ್ಕಾಣೆ ಕಟ್ಟುತ್ತಿದ್ದವಳ ಕೈಗೂ ಧಣಿಗಳ ಕೈಗೂ ಅದೇ ದುಂಡಗಿನ ಬಿಲ್ಲೆ. ಆ ಬಿಲ್ಲೆಗೆ ಮುಖ ನೋಡುವ ಅಭ್ಯಾಸ ಇರಲಿಲ್ಲ. ನೋಡುವವರು ಕೌಂಟರಿನ ಆಚೆ ಇದ್ದರು ಎಂಬುದೂ ನಿಜವೇ. ಹಳತನ್ನೆಲ್ಲ ಬಂಗಾರ ಮಾಡುವುದು ಬೇಡ. ‘ಪಂಕ್ತಿ’ ಎಂಬ ಒಳ್ಳೆಯ ಶಬ್ದಕ್ಕೆ ‘ಭೇದ’ವನ್ನು ಜೋಡಿಸಿದ್ದು ಬ್ರಿಟಿಷರಲ್ಲ. ಸ್ವಾಮಿಗಳ ಸರದಿ ದಿನಾಂಕ ತಪ್ಪದೆ ಬರುವ ಇದೇ ಊರಲ್ಲಿ, ಊಟದ ಸಾಲು ಜಾತಿ ಕೇಳುತ್ತದೆ ಎಂದು ಜನ ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಮೇಲಿನವರ ಕ್ರಮ ಶಾಸ್ತ್ರ, ಕೆಳಗಿನವರ ಕ್ರಮ ಕರುಣೆ. ಇದನ್ನು ಹೇಳಲು ‘ಸಂಕಥನ’ ಬೇಕಾಗಿಲ್ಲ.

ಕ್ಷೇತ್ರಕಾರ್ಯದ ಒಂದು ಟಿಪ್ಪಣಿ ಬಾಕಿ ಇದೆ. ಒಂದು ಸರಕಾರಿ ಕಚೇರಿ, ಮಧ್ಯಾಹ್ನ. ಕಾರ್ಕಳದ ಕಡೆಯ ಹಳ್ಳಿಯಿಂದ ಎರಡು ಬಸ್ಸು ಹಿಡಿದು ಬಂದ ಅಜ್ಜಿ. ಪೆನ್ಶನ್ನಿನ ಕಾಗದಗಳು ಪ್ಲಾಸ್ಟಿಕ್ ಲಕೋಟೆಯಲ್ಲಿ, ಟೋಕನ್ ಸೆರಗಿನ ಗಂಟಿನಲ್ಲಿ. ಇಸ್ತ್ರಿ ಅಂಗಿಯ ಒಬ್ಬರು ಬಂದು, ಬಾಗಿಲು ದೂಡಿ, ‘ಎಂತ ಮಾರಾಯ, ಪುರುಸೊತ್ತುಂಟಾ?’ ಎಂದು ನಗುತ್ತ ಒಳಗೆ ಹೋದರು. ಅವರ ಬೆನ್ನಿಗೆ ಇನ್ನೊಬ್ಬರು, ಫೋನನ್ನು ಮುಂದೆ ಚಾಚಿ: ‘ಸಾರ್ ಮಾತಾಡ್ತಾರೆ.’ ಅಜ್ಜಿ ಎದ್ದು ಹೋಗಿ ಕೇಳಿದರು: ‘ಎನ್ನ ನಂಬರ್ ಬತ್ತ್‌ಜಾ?’ ನನ್ನ ನಂಬರ್ ಬರಲಿಲ್ಲವಾ ಎಂದು.

ಕಂಪ್ಯೂಟರಿನಿಂದ ಕಣ್ಣು ಕೀಳದೆ ಗುಮಾಸ್ತರು, ಬಹುವಚನದ ಗೌರವಕ್ಕೆ ಒಂದಿಷ್ಟೂ ಲೋಪ ಬಾರದಂತೆ ಹೇಳಿದರು: ‘ಬೊಕ್ಕ ಬಲೆ.’

ಎರಡನೇ ಅಧ್ಯಾಯದ ಎರಡನೇ ಪ್ರಭೇದ, ಶುದ್ಧ ಉದಾಹರಣೆ. ಸೂಪರ್ ಟಿಪ್ಪಣಿ. ಮಾರ್ಗದರ್ಶಕರು ಇದಕ್ಕೆ ‘ಅಧೀನ ಪ್ರಜ್ಞೆಯ ಮೌನ ಪ್ರತಿರೋಧ’ ಎಂಬ ಹೆಸರು ಸೂಚಿಸಿದ್ದಾರೆ. ಅಜ್ಜಿ ಮೌನವಾಗಿರಲಿಲ್ಲ, ಸ್ವಾಮಿ. ಇಡೀ ಹಾಲಿಗೆ ಕೇಳುವ ಹಾಗೆ ಬೈದರು. ಆ ಬೈಗುಳ ಆರು ಸಂಪುಟಗಳಲ್ಲಿ ಎಲ್ಲಿದೆಯೆಂದು ಹುಡುಕುತ್ತಿದ್ದೇನೆ.