ಡಬ್ಬಿ ಚಿಕ್ಕದು, ಬಿಲ್ಲು ದೊಡ್ಡದು

2020ರ ಅಕ್ಟೋಬರ್‌ನಲ್ಲಿ ಆ್ಯಪಲ್‌ ಕಂಪನಿಗೆ ಭೂಮಿಯ ಮೇಲೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿತು. ಐಫೋನ್ ಡಬ್ಬಿಯಿಂದ ಚಾರ್ಜರ್ ಮಾಯ. ಇಯರ್‌ಫೋನೂ ಮಾಯ. ಕಾರಣ ಪರಿಸರವಂತೆ. ಹಳೇ ಚಾರ್ಜರ್ ಹೇಗೂ ಎಲ್ಲರ ಮನೆಯಲ್ಲಿ ಬಿದ್ದಿರುತ್ತದಂತೆ. ಡಬ್ಬಿ ಚಿಕ್ಕದಾದರೆ ಒಂದೇ ಸಲಕ್ಕೆ ಶೇ 70ರಷ್ಟು ಹೆಚ್ಚು ಡಬ್ಬಿ ಸಾಗಿಸಬಹುದಂತೆ.

ಒಪ್ಪೋಣ. ಹಾಗಾದರೆ ಬೆಲೆ ಇಳಿಯಬೇಕಲ್ಲ? ಐಫೋನ್ 11 ಇಲ್ಲಿಗೆ ಬಂದಾಗ 64,900 ರೂಪಾಯಿ. ಚಾರ್ಜರ್ ಇಲ್ಲದ 12ಕ್ಕೆ 79,900. ಚಾರ್ಜರ್ ಬೇಕೇ? 1,900 ಬೇರೆ ಎಣಿಸಿ. ಅದು ಇನ್ನೊಂದು ಡಬ್ಬಿಯಲ್ಲಿ ಬರುತ್ತದೆ. ಆ ಡಬ್ಬಿಯಿಂದ ಭೂಮಿಗೆ ಏನೂ ಆಗುವುದಿಲ್ಲ, ದುಡ್ಡು ಕೊಟ್ಟಿದ್ದೀರಲ್ಲ.

ಇನ್ನೂ ಇದೆ. ಫೋನಿನ ಜೊತೆ ಕೊಟ್ಟ ಕೇಬಲ್ಲಿನ ತುದಿ ಯುಎಸ್‌ಬಿ-ಸಿ. ಹಿಂದಿನ ಬಹುತೇಕ ಐಫೋನ್‌ಗಳ ಚಾರ್ಜರಿಗಿದ್ದದ್ದು ಅಗಲದ ಯುಎಸ್‌ಬಿ-ಎ ತೂತು. ತಿರುಗಿಸಿ ಮುರುಗಿಸಿ ಚುಚ್ಚಿದರೂ ಹೋಗದು. ಮನೆಯಲ್ಲಿರುವುದನ್ನೇ ಬಳಸಿ ಎಂದವರೇ ಅದಕ್ಕೆ ಕೂರದ ಕೇಬಲ್ ಕೊಟ್ಟರು.

ಸ್ಯಾಮ್‌ಸಂಗ್‌ ಆಗ ನಕ್ಕಿತ್ತು. ನಮ್ಮಲ್ಲಿ ಚಾರ್ಜರ್ ಕೊಡುತ್ತೇವೆ ಎಂದು ಫೇಸ್‌ಬುಕ್ಕಿನಲ್ಲಿ ಜಂಬ ಕೊಚ್ಚಿಕೊಂಡಿತ್ತು. 2021ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್‌21 ಬಂತು. ಚಾರ್ಜರ್ ಇರಲಿಲ್ಲ. ಅಷ್ಟರಲ್ಲಿ ಆ ಪೋಸ್ಟೂ ಇರಲಿಲ್ಲ. ಪರಿಸರಪ್ರಜ್ಞೆ ಎಷ್ಟು ಬೇಗ ಅಂಟುತ್ತದೆ ನೋಡಿ.

ಹಸಿರು ಆವಿಷ್ಕಾರದಿಂದ ಕಂಪನಿಗೆ ಲಾಭವೇ ಎಂದು ಮ್ಯಾನೇಜ್‌ಮೆಂಟ್ ಪಂಡಿತರು ಪ್ರಬಂಧ ಬರೆಯುತ್ತಾರೆ. ಅಲ್ಲ ಸ್ವಾಮಿ, ಸಾಮಾನು ಕಡಿಮೆ ಮಾಡಿ ರೇಟು ಏರಿಸಿದ ಯಾವ ಕಿರಾಣಿ ಅಂಗಡಿ ಮುಳುಗಿದೆ?

ಲಾಭಕ್ಕೆ ಅಡ್ಡ ಬಂದರೆ ಕಥೆ ಬೇರೆ. ಗೂಗಲ್‌ 2030ಕ್ಕೆ ನಮ್ಮ ನಿವ್ವಳ ಇಂಗಾಲ ಶೂನ್ಯ ಎಂದಿತ್ತು. ಎಐ ಬಂತು. ಡೇಟಾ ಸೆಂಟರ್‌ಗಳು ಎದ್ದವು. 2023ರಲ್ಲಿ ಅದು ಉಗುಳಿದ ಇಂಗಾಲ 2019ಕ್ಕಿಂತ ಶೇ 48 ಹೆಚ್ಚು. ಶೂನ್ಯಕ್ಕೆ ಹೋಗುವ ದಾರಿ ಇದೇ ಇರಬೇಕು.

ಆ್ಯಪಲ್‌ ಮಾತ್ರ ಹಟ ಬಿಡಲಿಲ್ಲ. 2023ರಲ್ಲಿ ‘ಕಾರ್ಬನ್ ನ್ಯೂಟ್ರಲ್’ ವಾಚ್ ತಂದಿತು. ಉಳಿದ ಇಂಗಾಲದ ಪಾಪ ತೊಳೆಯಲು ಪರಾಗ್ವೆಯಲ್ಲಿ ನೆಡುತೋಪು. ಯಾವ ಮರ? ನೀಲಗಿರಿ! ಅಂತರ್ಜಲ ಹೀರುತ್ತದೆಂದು ಕರ್ನಾಟಕ ಸರ್ಕಾರ 2017ರಲ್ಲಿ ನೆಡುವುದನ್ನೇ ನಿಷೇಧಿಸಿದ ಅದೇ ನೀಲಗಿರಿ. ಜಮೀನೂ ಗುತ್ತಿಗೆಯದು, ಮುಕ್ಕಾಲು ಪಾಲಿನ ಗುತ್ತಿಗೆ 2029ಕ್ಕೇ ಮುಗಿಯುತ್ತದೆ. ಆಮೇಲೆ ಆ ಮರ ಉಳಿಯುವ ಖಾತರಿಯಿಲ್ಲ, ಹೀಗೆ ಜಾಹೀರಾತು ಹಾಕಬೇಡಿ ಎಂದು 2025ರ ಆಗಸ್ಟ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ ಕೋರ್ಟು ಹೇಳಬೇಕಾಯಿತು. ಬೆಳೆದ ನೀಲಗಿರಿ ಎಲ್ಲಿಗೆ ಹೋಗುತ್ತದೆಂದು ಕೋಲಾರದ ಯಾವ ರೈತನನ್ನು ಕೇಳಿದ್ದರೂ ವಕೀಲರ ಫೀಸು ಉಳಿಯುತ್ತಿತ್ತು.