ಹೆಸರು ನಾಲಿಗೆ ತುದಿಯಲ್ಲೇ ಇದೆ, ತಾಳ್ರಿ

ಮೊಮ್ಮಗನನ್ನು ಕರೆಯಬೇಕಾದರೆ ಮೊದಲು ಮಗನ ಹೆಸರು, ಆಮೇಲೆ ತಮ್ಮನದು, ಅದಾದ ಮೇಲೆ ನಾಯಿಯದು... ಇಷ್ಟೂ ಹಾಜರಿ ಮುಗಿದ ಮೇಲೆ ಆ ಹುಡುಗನ ಹೆಸರು ಬಾಯಿಗೆ ಬರೋದು. ಯಾರ ಮನೆಯಲ್ಲಿಲ್ಲ ಹೇಳ್ರಿ ಇದು? ಅಷ್ಟಕ್ಕೇ ಮನೆಮಂದಿಯೆಲ್ಲ ಅರವತ್ತಕ್ಕೆ ಅರಳು ಮರಳು ಅಂತ ಷರಾ ಬರೆದುಬಿಡುತ್ತಾರೆ. ಪಾಪ, ಅಲ್ವಾ?

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇದರ ಬೆನ್ನು ಹತ್ತಿ 2016ರಲ್ಲಿ ಒಂದು ಅಧ್ಯಯನವನ್ನೇ ಪ್ರಕಟಿಸಿದರು. ಹೆಸರು ತಪ್ಪಿ ಕರೆಯೋದು ವಯಸ್ಸಾದವರಿಗೇ ಮೀಸಲಲ್ಲವಂತೆ, ಕಾಲೇಜು ಹುಡುಗರೂ ಹಾಗೇ ಕರೆಯುತ್ತಾರೆ. ನಮ್ಮವರು ಅನ್ನೋರ ಹೆಸರೆಲ್ಲ ತಲೆಯಲ್ಲಿ ಒಂದೇ ಕಡೆ ಗುಂಪಾಗಿರುತ್ತವೆ, ಒಂದಕ್ಕೆ ಕೈ ಹಾಕಿದರೆ ಪಕ್ಕದ್ದು ಎದ್ದು ಬರುತ್ತದೆ. ತಮಾಷೆ ಏನಂದರೆ, ಆ ಗುಂಪಿನಲ್ಲಿ ನಾಯಿಗೆ ಜಾಗ ಇತ್ತು, ಬೆಕ್ಕಿಗೆ ಇರಲಿಲ್ಲ! ದಿನಾ ಹಾಲು ಕುಡಿದು ಒಲೆ ಮುಂದೆ ಮಲಗಿದರೂ ಬೆಕ್ಕು ಮನೆಯವರ ಪಟ್ಟಿಗೆ ಸೇರಲಿಲ್ಲ ನೋಡ್ರಿ.

ನಮ್ಮೂರು ವಡ್ಡಿನ ಕಟ್ಟೆ ಮೇಲೆ ಕೂಡೋ ತಾತಂದಿರನ್ನೇ ತಗೊಳ್ರಿ. ಬೆಳಿಗ್ಗೆ ಗುಳಿಗೆ ನುಂಗಿದ್ದು ನೆನಪಿರಲ್ಲ. ವಿಜಯನಗರ ಜಿಲ್ಲೆಯಾಗಿದ್ದು 2021ರಲ್ಲಿ, ಅವರ ಬಾಯಲ್ಲಿ ಹೊಸಪೇಟೆ ಇವತ್ತಿಗೂ ಬಳ್ಳಾರಿ ಜಿಲ್ಲೆಯೇ. ಆದರೆ 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿಗೆ ಬಂದು ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ ದಿನ ಕೇಳ್ರಿ: ಯಾರ ಬಂಡಿ ಕಟ್ಟಿಕೊಂಡು ಹೋದರು, ಬುತ್ತಿಯಲ್ಲಿ ಯಾವ ಪಲ್ಯ ಇತ್ತು, ಯಾರ ಚಪ್ಪಲಿ ಕಳೆದುಹೋಯಿತು, ಒಂದೂ ಬಿಡದೆ ಬರುತ್ತದೆ. ಈಗ ಚಿಮಣಿ ನಿಂತ ಕಡೆ ಯಾರ ಹೊಲ ಇತ್ತು, ಬದುವಿನ ಮೇಲೆ ಬೇವಿತ್ತೋ ಜಾಲಿ ಇತ್ತೋ, ಅದೂ ಗೊತ್ತು. ಹಗೇವು ನೋಡಿದ್ದೀರಲ್ವಾ? ಮೇಲಿನ ಜೋಳ ಮೊದಲು ಖಾಲಿಯಾಗುತ್ತೆ, ತಳದ್ದು ಉಳಿದಿರುತ್ತೆ. ಹಾಗೇ ಇದೂ. ಹತ್ತರಿಂದ ಮೂವತ್ತರೊಳಗೆ ಕಂಡದ್ದು, ಉಂಡದ್ದೇ ಮುಪ್ಪಿನಲ್ಲಿ ಹೆಚ್ಚು ನೆನಪಾಗುತ್ತದೆ ಅಂತ ಮನಶ್ಶಾಸ್ತ್ರದವರೂ ಹೇಳುತ್ತಾರೆ. ಮೊದಲ ಸಿನಿಮಾ, ಮೊದಲ ಕೂಲಿ, ಮದುವೆ... ಹೊಸದೆಲ್ಲ ಆಗಲೇ ಅಲ್ವಾ ಆಗೋದು?

ಹಾಂ, ಆ ಅಡಿಗಲ್ಲಿನ ದಿನ ಸೇರಿದ ಜನ ಮಾತ್ರ ತಾತಂದಿರ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಾರೆ! ಅದು ಸುಳ್ಳಲ್ಲ ಕಣ್ರಿ. ನೆನೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಒಂದಿಷ್ಟು ಸೇರುತ್ತೆ, ಒಂದಿಷ್ಟು ಉದುರುತ್ತೆ.

ಆದರೆ ದಿನಾ ಓಡಾಡೋ ಓಣಿಯಲ್ಲೇ ದಾರಿ ತಪ್ಪಿದರೆ, ದಿನಾ ಎರಡು ಹೊತ್ತು ಅಡುಗೆ ಮಾಡಿದ ಕೈಗೆ ಸಾರು ಮಾಡೋದೇ ತಿಳಿಯದಾದರೆ, ವಯಸ್ಸಾಯಿತು ಬಿಡು ಅನ್ನಬೇಡ್ರಿ. ಡಾಕ್ಟರಿಗೆ ತೋರಿಸಬೇಕು. ಥೈರಾಯ್ಡ್ ಕಡಿಮೆಯಾಗಿಯೋ ಬಿ12 ಸಾಲದೆಯೋ ಬಂದ ಮರೆವಾದರೆ ಔಷಧಿಗೆ ಬಗ್ಗುವುದುಂಟು. ಇನ್ನು ಕೆಲವರಿಗೆ ಕಿವಿ ಮಂದ. ಹೇಳಿದ್ದೇ ಕೇಳಿರಲ್ಲ, ನಾವು ಮರೆತರು ಅಂತೀವಿ.

ಅರಳು ಮರಳು ಅನ್ನೋ ಮಾತು ಬಂದಾಗೆಲ್ಲ ನನಗೆ ಬುರ್ರಕಥೆ ಹಾಡುತ್ತಿದ್ದ ದರೋಜಿ ಈರಮ್ಮನ ನೆನಪಾಗುತ್ತೆ. ದೂರದವರೇನಲ್ಲ, ನಮ್ಮ ಸಂಡೂರು ತಾಲ್ಲೂಕಿನವರೇ. ಬುಡ್ಗ ಜಂಗಮರ ಮನೆಯ ಮಗಳು, ಓದು ಬರಹ ಇಲ್ಲ. ಹನ್ನೆರಡು ಜನಪದ ಕಾವ್ಯ ಆಕೆಗೆ ಬಾಯಿಪಾಠ. ಅಚ್ಚು ಹಾಕಿಸಿದರೆ ಸಾವಿರಾರು ಪುಟ ಆಗುವಷ್ಟು! ನಮಗೆ ಪಕ್ಕದ ಮನೆ ಫೋನ್ ನಂಬರು ಬಾಯಿಗೆ ಬರಲ್ಲ, ಆಕೆ ಕುಮಾರರಾಮನ ಕಥೆ ಹಿಡಿದರೆ ರಾತ್ರಿಯಿಡೀ ನಡೆಸುತ್ತಿದ್ದರು. ಕಲಿತದ್ದು ಎಳೆಯ ವಯಸ್ಸಿನಲ್ಲಿ, ಹಿರಿಯರ ಹಿಂದೆ ಊರೂರು ತಿರುಗಿ. ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 1999ರಲ್ಲಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ 2003ರಲ್ಲಿ. ಅಂದರೆ ಅರವತ್ತು ದಾಟಿ ವರ್ಷಗಳಾದ ಮೇಲೆ, ಅಲ್ವಾ?

ಇಷ್ಟೊಂದು ಹೇಗೆ ನಿಂತಿತು ಅಂತೀರಾ? ರಾಗಕ್ಕೆ ಕೂತ ಮಾತು ತಾನಾಗಿ ಮುಂದಿನ ಮಾತನ್ನು ಎಳೆದು ತರುತ್ತದೆ. ಪಕ್ಕದಲ್ಲಿ ತಂಗಿ, ನಾದಿನಿ ಸೊಲ್ಲು ಹಿಡಿದಿರುತ್ತಿದ್ದರು, ಆ ಹೊತ್ತಿಗೆ ಉಸಿರು, ನೆನಪು ಎರಡೂ ಸುಧಾರಿಸಿಕೊಳ್ಳುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಕೇಳೋರಿದ್ದರು, ವರ್ಷವೆಲ್ಲ ಹಾಡಿಸುತ್ತಿದ್ದರು. ನಮ್ಮ ಕಟ್ಟೆಯ ತಾತಂದಿರನ್ನು ಯಾರು ಹಾಗೆ ಕೂರಿಸಿ ಕೇಳುತ್ತಾರೆ ಹೇಳ್ರಿ? ಈರಮ್ಮ 2014ರ ಆಗಸ್ಟಿನಲ್ಲಿ ತೀರಿಕೊಂಡರು, ಎಂಬತ್ತು ದಾಟಿತ್ತು.

ನಿಮ್ಮ ಮನೆಯಲ್ಲಿ ದರೋಜಿ ಕಡೆಯ ಹಿರಿಯರು ಯಾರಾದರೂ ಇದ್ದಾರಾ? ಈರಮ್ಮನ ಬುರ್ರಕಥೆ ಕೇಳಿದ್ದಾರೇನೋ ವಿಚಾರಿಸ್ರಿ. ಬೆಳಿಗ್ಗೆ ಏನು ತಿಂದಿರಿ ಅಂತ ಮಾತ್ರ ಕೇಳಬೇಡ್ರಿ, ಕುಮಾರರಾಮನ ಕಥೆ ಕೇಳ್ರಿ.