ಸವೆದ ಗಿಟಾರ್ ಕೊಳ್ಳಹೊರಟ ತಂಗಿಗೊಂದು ಬಹಿರಂಗ ಪತ್ರ

ಪ್ರೀತಿಯ ತಂಗಿ,

ಶಿಕಾಗೋದ ಅಂಗಡಿಯಲ್ಲಿ ನೀನು ನೋಡಿದ 1966ರ ಫೆಂಡರ್ ಸ್ಟ್ರಾಟೋಕಾಸ್ಟರಿನ ಫೋಟೋಗಳು ಬಂದವು. ಅದರ ಮೈಗೆ ಯಾರೋ ಯಾವಾಗಲೋ ಮರುಬಣ್ಣ ಹೊಡೆಸಿದ್ದಾರೆ. ಆ ಬಣ್ಣವೂ ಈಗ ಮೊಣಕೈ ತಾಗುವ ಕಡೆ ಕಿತ್ತುಹೋಗಿ ಮರ ಕಾಣುತ್ತಿದೆ. ಮೊದಲ ಐದಾರು ಫ್ರೆಟ್‌ಗಳು ತೇದು ತಗ್ಗು ಬಿದ್ದಿವೆ. ಮೂರು ಪಿಕಪ್‌ಗಳಲ್ಲಿ ಒಂದು ಆಮೇಲೆ ಕೂರಿಸಿದ್ದು. ಅಂಗಡಿಯವರು ಇದ್ಯಾವುದನ್ನೂ ಮುಚ್ಚಿಟ್ಟಿಲ್ಲ. ಅದೇ ವರ್ಷದ, ಏನೂ ಬದಲಾಗದ ಗಿಟಾರಿಗಿರುವ ಬೆಲೆಯಲ್ಲಿ ಹೆಚ್ಚುಕಮ್ಮಿ ಅರ್ಧ ಹೇಳಿದ್ದಾರೆ. "ಅಣ್ಣಾ, ತಗೊಳ್ಳಲಾ, ಬೇಡ್ವಾ?" ಅಂತ ಕೇಳಿದ್ದೀಯ.

ಇದೇ ಪ್ರಶ್ನೆ ಹಿಡಿದು ನನ್ನ ರಿಪೇರಿ ಬೆಂಚಿನ ಹತ್ತಿರ ಬರುವ ಹುಡುಗ ಹುಡುಗಿಯರು ಬಹಳ ಮಂದಿ. ಹಾಗಾಗಿ ನಿನಗೆ ಹೇಳುವುದನ್ನು ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೆಕ್ ಗಟ್ಟಿಯಿದ್ದು, ನೀನು ಅದನ್ನು ನಿಜವಾಗಿ ನುಡಿಸುವವಳಾದರೆ ತಗೋ. ಹತ್ತು ವರ್ಷ ಬಿಟ್ಟು ಮಾರಿದರೆ ಲಾಭ ಬಂದೀತು ಎನ್ನುವ ಲೆಕ್ಕವಿದ್ದರೆ ಬೇಡ. ಆ ಲೆಕ್ಕಕ್ಕೆ ಬೇರೆ ಗಿಟಾರ್‌ಗಳಿವೆ, ಬೇರೆ ಜನರಿದ್ದಾರೆ.

ಮೊದಲು ಸವೆತದ ಮಾತು. ಆ ಕಾಲದ ಫೆಂಡರ್‌ಗಳ ಮೇಲಿದ್ದದ್ದು ತೆಳುವಾದ ಲ್ಯಾಕರ್. ವಿಶೇಷ ಬಣ್ಣಗಳಿಗಂತೂ ಕಾರಿಗೆ ಹೊಡೆಯುವ ಡ್ಯೂಪಾಂಟ್ ಬಣ್ಣವನ್ನೇ ತರಿಸುತ್ತಿದ್ದರು. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬೆವರಿಗೆ ಮೆತ್ತಗಾಗುತ್ತದೆ, ಚಳಿ-ಸೆಕೆಯ ಏರಿಳಿತಕ್ಕೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. 1968ರ ಸುಮಾರಿಗೆ ದಪ್ಪನೆಯ ಪಾಲಿಯೆಸ್ಟರ್ ಬಂದ ಮೇಲೆ ಬಣ್ಣ ಬಹುಕಾಲ ಬಾಳತೊಡಗಿತು. ಆದ್ದರಿಂದ ಹಳೆಯ ಸ್ಟ್ರಾಟಿನ ಮೈ ಸವೆದಿದೆ ಎಂದರೆ ಅದನ್ನು ಕೆಟ್ಟದಾಗಿ ಇಟ್ಟುಕೊಂಡಿದ್ದರು ಎಂದೇನೂ ಅರ್ಥವಲ್ಲ. ಬಹುಪಾಲು ಸಲ ಅದನ್ನು ಚೆನ್ನಾಗಿ ನುಡಿಸಿದ್ದಾರೆ ಎಂದೇ ಅರ್ಥ.

ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ 1963ರಲ್ಲಿ, ಇನ್ನೂ ಹದಿಹರೆಯದ ಹುಡುಗನಾಗಿದ್ದಾಗ, ಕಾರ್ಕ್ ಪಟ್ಟಣದ ಅಂಗಡಿಯೊಂದರಲ್ಲಿ ಸುಮಾರು 100 ಪೌಂಡಿಗೆ 1961ರ ಸೆಕೆಂಡ್‌ಹ್ಯಾಂಡ್ ಸ್ಟ್ರಾಟ್ ಕೊಂಡ. ಮುಂದೆ ಅದು ಕಳುವಾಗಿ, ಕೆಲವು ದಿನ ಬಿಟ್ಟು ಚರಂಡಿಯಲ್ಲಿ ಸಿಕ್ಕಿತು. ವೇದಿಕೆಯ ಮೇಲೆ ಸುರಿದ ಬೆವರಿಗೆ ಅದರ ಬಣ್ಣ ಬಹುತೇಕ ಹೊರಟೇಹೋಯಿತು. 1995ರಲ್ಲಿ ಸಾಯುವವರೆಗೂ ಅವನ ಮುಖ್ಯ ಗಿಟಾರ್ ಅದೇ. 2024ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದರ ಬೆಲೆ 8 ಲಕ್ಷ ಪೌಂಡ್ ದಾಟಿ, ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಕೊಟ್ಟರು. ಜನ ಆ ಗಿಟಾರನ್ನು ಗುರುತು ಹಿಡಿಯುವುದೇ ಅದರ ಬರಿಮೈಯಿಂದ.

ಆ ನೋಟಕ್ಕೆ ಎಷ್ಟು ಬೇಡಿಕೆ ಹುಟ್ಟಿತೆಂದರೆ, 1995ರಲ್ಲಿ ಫೆಂಡರ್ ಕಂಪನಿಯೇ ಹೊಸ ಗಿಟಾರನ್ನು ಉಜ್ಜಿ, ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ 'ರೆಲಿಕ್' ಎಂದು ಮಾರತೊಡಗಿತು. ಹಾಗಾಗಿ ಬಣ್ಣ ಹೋದದ್ದಕ್ಕೆ ನೀನು ಹೆದರಬೇಡ. ಹಾಗೆಯೇ ಬಣ್ಣ ಹೋಗಿದೆ ಎಂಬ ಒಂದೇ ಕಾರಣಕ್ಕೆ ಮರುಳಾಗಲೂ ಬೇಡ. ಅದರಿಂದ ನಾದಕ್ಕೆ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಇನ್ನು 'ಒರಿಜಿನಲ್' ಎಂಬ ಮಂತ್ರ. ಲಿಯೋ ಫೆಂಡರ್ ತನ್ನ ಕಂಪನಿಯನ್ನು 1965ರ ಜನವರಿಯಲ್ಲಿ 1 ಕೋಟಿ 30 ಲಕ್ಷ ಡಾಲರಿಗೆ ಸಿಬಿಎಸ್ ಎಂಬ ಪ್ರಸಾರ ಕಂಪನಿಗೆ ಮಾರಿದ. ಅದಕ್ಕಿಂತ ಹಿಂದಿನ ಗಿಟಾರುಗಳಿಗೆ ಒಂದು ಬೆಲೆ, ಆಮೇಲಿನವಕ್ಕೆ ಇನ್ನೊಂದು. ಅದರೊಳಗೂ ಪ್ರತಿ ತಿರುಪು, ಪ್ರತಿ ಬೆಸುಗೆ ಕಾರ್ಖಾನೆಯದ್ದೇ ಆಗಿದ್ದರೆ ಪೂರ್ತಿ ಬೆಲೆ. ಬಣ್ಣ ಬದಲಾದರೆ ಸುಮಾರು ಅರ್ಧ. ಸಂಗ್ರಹ ಮಾಡುವವರಿಗೆ ಈ ನಿಯಮ ಸರಿಯೇ. ಮುಟ್ಟದೆ ಉಳಿದ ಗಿಟಾರ್ ಚರಿತ್ರೆಯ ದಾಖಲೆ, ಅದನ್ನು ಕಾಪಾಡಲೇಬೇಕು. ಆದರೆ ನುಡಿಸುವವಳಿಗೆ ಅದೇ ನಿಯಮ ಯಾಕೆ?

ಹೆಸರಾಂತ ಗಿಟಾರ್‌ಗಳ ಹೊಟ್ಟೆಯೊಳಗೆ ನೋಡು. ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್ಲಿನ ಒಂದು ಅಂಗಡಿಯಿಂದ ಅಗ್ಗಕ್ಕೆ ಸಿಕ್ಕ ಹಳೆಯ ಸ್ಟ್ರಾಟುಗಳನ್ನು ಒಟ್ಟಿಗೇ ಹೊತ್ತು ತಂದ. ಕೆಲವನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಒಳ್ಳೊಳ್ಳೆಯ ಭಾಗಗಳನ್ನು ಸೇರಿಸಿ ಒಂದು ಗಿಟಾರ್ ಮಾಡಿಸಿಕೊಂಡ. ಅದೇ 'ಬ್ಲ್ಯಾಕಿ'. 2004ರಲ್ಲಿ ಅದು 9,59,500 ಡಾಲರಿಗೆ ಹರಾಜಾಗಿ, ಹಣ ಅವನು ಕಟ್ಟಿಸಿದ ವ್ಯಸನಮುಕ್ತಿ ಕೇಂದ್ರಕ್ಕೆ ಹೋಯಿತು. ಪಿಂಕ್ ಫ್ಲಾಯ್ಡಿನ ಡೇವಿಡ್ ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡ ಕಪ್ಪು ಸ್ಟ್ರಾಟಿನ ನೆಕ್ ಹಲವು ಸಲ ಬದಲಾಯಿತು. ಪಿಕಪ್ ಬದಲಾಯಿತು, ಬ್ರಿಡ್ಜ್ ಬದಲಾಯಿತು, ಮೈಗೆ ತೂತು ಕೊರೆದು ಮತ್ತೆ ತುಂಬಿಸಿದರು. 2019ರ ಹರಾಜಿನಲ್ಲಿ ಅದಕ್ಕೆ ಬಂದದ್ದು 39,75,000 ಡಾಲರ್. ಆ ಹಣ ಬಂದದ್ದು ಅವರ ಹೆಸರಿಗೆ ಎನ್ನುತ್ತೀಯ, ಒಪ್ಪುತ್ತೇನೆ. ಆ ಹೆಸರು ಬಂದದ್ದು ಎಲ್ಲಿಂದ? ಗಿಟಾರ್ ತಮ್ಮ ಕೈಗೆ ಒಗ್ಗುವ ತನಕ ಅವರು ಅದನ್ನು ಬಿಚ್ಚಿ ಕಟ್ಟುತ್ತಲೇ ಇದ್ದರು, ನುಡಿಸುತ್ತಲೇ ಇದ್ದರು. ನಿನ್ನ ಮುಂದಿರುವ ಗಿಟಾರೂ ಅದೇ ಕುಲದ್ದು. ಮರುಬಣ್ಣದಿಂದ ಬೆಲೆ ಇಳಿದಿರುವುದು ನಿನ್ನಂಥವರ ಪಾಲಿನ ಭಾಗ್ಯ.

ಹಾಗಂತ ಕಣ್ಣು ಮುಚ್ಚಿ ದುಡ್ಡು ಕೊಡಬೇಡ. ಮುಂದಿನ ಸಲ ಹೋದಾಗ ಅವಸರ ಮಾಡದೆ ಹೀಗೆ ನೋಡು.

ಎಲ್ಲಕ್ಕಿಂತ ಮೊದಲು ನೆಕ್. ಗಿಟಾರಿನ ಬುಡವನ್ನು ಕಣ್ಣಿಗೆ ಹಿಡಿದು, ಬಡಗಿ ಹಲಗೆಯ ಅಂಚು ನೋಡುವ ಹಾಗೆ ತಲೆಯ ಕಡೆಗೆ ನೋಡು. ತಿರುಚಿಕೊಂಡಿದ್ದರೆ ಅಲ್ಲೇ ಕೆಳಗಿಟ್ಟು ಬಾ, ಮಿಕ್ಕದ್ದನ್ನು ನೋಡುವುದೇ ಬೇಡ. ನೆಟ್ಟಗಿದ್ದರೆ ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿ. ಏಳನೆಯ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ನಡುವೆ ದಪ್ಪ ಕಾಗದ ತೂರುವಷ್ಟು ಸಂದು ಇರಬೇಕು. ಸಂದು ಜಾಸ್ತಿಯಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ನೆಕ್ ಒಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿನಿಂದ ಸರಿಮಾಡಬೇಕು. 1960ರ ದಶಕದ ಫೆಂಡರ್‌ಗಳಲ್ಲಿ ಅದರ ತಿರುಪು ನೆಕ್ಕಿನ ಬುಡದಲ್ಲಿ ಅಡಗಿರುತ್ತದೆ. ನೆಕ್ ಬಿಚ್ಚಿಯೇ ನೋಡಬೇಕು.

ಬಿಚ್ಚಿ ತೋರಿಸಿ ಎಂದು ಕೇಳಲು ಸಂಕೋಚಪಡಬೇಡ. ಹಿಂದೆ ನಾಲ್ಕೇ ತಿರುಪು, ಬಲ್ಲವರಿಗೆ ಹತ್ತು ನಿಮಿಷದ ಕೆಲಸ. ಬುಡದಲ್ಲಿ ತಿಂಗಳು, ವರ್ಷ ಮತ್ತು ನೆಕ್ಕಿನ ಅಗಲ ಸೂಚಿಸುವ ಅಕ್ಷರದ ಮುದ್ರೆ ಇರಬೇಕು. ಟ್ರಸ್ ರಾಡಿನ ತಿರುಪಿನ ತಲೆಯ ಸೀಳು ಹಾಳಾಗಿಲ್ಲವೇ, ಅದು ಎರಡೂ ಕಡೆ ತಿರುಗುತ್ತದೆಯೇ ನೋಡು. ಹೊರಗಿನ ತಗಡಿನ ಮೇಲಿರುವ ದೊಡ್ಡ 'ಎಫ್' ಮತ್ತು ಸರಣಿ ಸಂಖ್ಯೆಯನ್ನಷ್ಟೇ ನಂಬಬೇಡ. ಅದೇ ನಾಲ್ಕು ತಿರುಪು ಬಿಚ್ಚಿದರೆ ಆ ತಗಡು ಇನ್ನೊಂದು ಗಿಟಾರಿಗೆ ಹೋಗಿ ಕೂರುತ್ತದೆ.

ಆಮೇಲೆ ಫ್ರೆಟ್. ಸಣ್ಣ ತಂತಿಯನ್ನು 12ರಿಂದ 15ನೆಯ ಫ್ರೆಟ್ಟಿನವರೆಗೆ ಒಂದೊಂದರಲ್ಲೂ ಒತ್ತಿ, ಪೂರ್ತಿ ಒಂದು ಸ್ವರದಷ್ಟು ಬಗ್ಗಿಸಿ ಎಳೆ. ನಾದ ನಡುವೆಯೇ ಸತ್ತರೆ ಫ್ರೆಟ್ ಕೆಲಸ ಬಾಕಿಯಿದೆ ಎಂದರ್ಥ. ಹಳೆಯ ಫೆಂಡರ್ ಫಿಂಗರ್‌ಬೋರ್ಡಿನ ಉಬ್ಬು ಹೆಚ್ಚು, ಏಳೂಕಾಲು ಇಂಚಿನ ವೃತ್ತದ್ದು. ತಂತಿ ಬಗ್ಗಿಸಿದಾಗ ಅದು ಮುಂದಿನ ಫ್ರೆಟ್ಟಿಗೆ ತಾಗುತ್ತದೆ. ನೀನು ಕಳಿಸಿದ ಫೋಟೋದಲ್ಲಿ ಕಂಡ ತಗ್ಗುಗಳಿಗಂತೂ ಹೊಸ ಫ್ರೆಟ್ ಹಾಕಿಸುವುದು ಖಚಿತ. ಆ ಖರ್ಚನ್ನು ಕೈಯಿಂದ ಹೆಚ್ಚಿಗೆ ಹಾಕಬೇಡ, ಅವರು ಹೇಳಿದ ಬೆಲೆಯಲ್ಲೇ ಕಳೆಯಿಸು. ಫ್ರೆಟ್ ಕಾರಿನ ಟೈರಿದ್ದಂತೆ, ಓಡಿದ ಮೇಲೆ ಬದಲಾಗಲೇಬೇಕು. ಫ್ರೆಟ್ ಬದಲಾಯಿಸಿದರೆ ಗಿಟಾರಿನ ಮಾನ ಹೋಗುತ್ತದೆ ಎನ್ನುವವರು ಅದನ್ನು ನುಡಿಸುವವರಲ್ಲ.

ಪಿಕ್‌ಗಾರ್ಡ್ ತೆಗೆಸಿ ಒಳಗೂ ನೋಡು. ವಾಲ್ಯೂಮ್, ಟೋನ್ ಪಾಟ್‌ಗಳ ಬೆನ್ನ ಮೇಲೆ ಒಂದು ಸಂಖ್ಯೆ ಕೆತ್ತಿರುತ್ತದೆ. ಮೊದಲ ಮೂರು ಅಂಕಿ ತಯಾರಕರದ್ದು, 304 ಆದರೆ ಸ್ಟ್ಯಾಕ್‌ಪೋಲ್, 137 ಆದರೆ ಸಿಟಿಎಸ್. ಆಮೇಲಿನ ನಾಲ್ಕು ಅಂಕಿ ವರ್ಷ ಮತ್ತು ವಾರ. ಒಂದು ಎಚ್ಚರ: ಫೆಂಡರ್‌ನವರು 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ತರಿಸಿಕೊಂಡು ದಶಕದ ಕೊನೆಯವರೆಗೂ ಬಳಸಿದರು. ಆದ್ದರಿಂದ 66 ಎಂದಿದ್ದ ಮಾತ್ರಕ್ಕೆ ಗಿಟಾರ್ 1966ರದ್ದೇ ಎಂದು ಸಾಬೀತಾಗದು, ನೆಕ್ಕಿನ ಮುದ್ರೆಯ ಜೊತೆ ಇಟ್ಟು ನೋಡಬೇಕು. ಪಿಕಪ್ ಸ್ವಿಚ್ ಮೂರು ಕಡೆ ನಿಲ್ಲುತ್ತದೋ ಐದು ಕಡೆಯೋ ನೋಡು. ಐದರದ್ದನ್ನು ಕಾರ್ಖಾನೆ ಹಾಕತೊಡಗಿದ್ದು 1977ರಲ್ಲಿ. ಇಲ್ಲಿ ಐದಿದ್ದರೆ ಯಾರೋ ನುಡಿಸುವವರೇ ಹಾಕಿಸಿಕೊಂಡಿದ್ದಾರೆ. ನಿನಗೂ ಅದೇ ಅನುಕೂಲ, ಹಾಗೇ ಬಿಡು.

ಬದಲಾಯಿಸಿದ ಆ ಪಿಕಪ್ಪನ್ನು ಕಿವಿಯಿಂದ ಅಳೆ. ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ನುಡಿಸುತ್ತಿದ್ದ 1959ರ ಗಿಬ್ಸನ್ ಲೆಸ್ ಪಾಲ್‌ನಲ್ಲಿ ಒಂದು ಪಿಕಪ್ಪಿನ ಮ್ಯಾಗ್ನೆಟ್ ತಿರುವುಮುರುವಾಗಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಮೂಗಿನಿಂದ ಹಾಡಿದಂಥ ದನಿ. ಲೆಕ್ಕಕ್ಕೆ ಅದು ದೋಷ. ಆ ದನಿಗಾಗಿಯೇ ಗ್ಯಾರಿ ಮೂರ್ ಅದನ್ನು ವರ್ಷಗಟ್ಟಲೆ ನುಡಿಸಿದ. ಈಗ ಅದು ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಕೈಯಲ್ಲಿದೆ. ಆದ್ದರಿಂದ 'ಒರಿಜಿನಲ್ ಅಲ್ಲ' ಎಂಬ ಕಾರಣಕ್ಕೆ ಒಳ್ಳೆಯ ದನಿಯ ಪಿಕಪ್ ತೆಗೆಸಬೇಡ.

ಇನ್ನು ಅಂಗಡಿಯವರು ಹೇಳಿದ್ದೆಲ್ಲ ನಿಜವೇ ಎಂದು ತಿಳಿಯಲು ಒಂದು ಅಲ್ಟ್ರಾವೈಲೆಟ್ ಟಾರ್ಚ್ ಸಾಕು. ಕತ್ತಲೆಯಲ್ಲಿ ಅದರ ಬೆಳಕು ಬಿಟ್ಟರೆ ಹಳೆಯ ನೈಟ್ರೋ ಲ್ಯಾಕರ್ ಹಸಿರು-ಹಳದಿಯಾಗಿ ಹೊಳೆಯುತ್ತದೆ. ಆಮೇಲೆ ತೇಪೆ ಹಾಕಿದ ಜಾಗ ಬೇರೆಯಾಗಿ ಎದ್ದು ಕಾಣುತ್ತದೆ. ಮೈಗೆ ಮರುಬಣ್ಣವಾದದ್ದು ಗೊತ್ತೇ ಇದೆ. ನೆಕ್ ಮತ್ತು ತಲೆಯ ಭಾಗ ಮುಟ್ಟಿಲ್ಲ ಎಂದಿದ್ದಾರಲ್ಲ, ಟಾರ್ಚ್ ಬಿಡಬೇಕಾದ್ದು ಅಲ್ಲಿ.

ಮುಂದಿನ ವರ್ಷ ಬೆಂಗಳೂರಿಗೆ ವಾಪಸಾಗುವ ಯೋಚನೆ ಇದೆ ಎಂದಿದ್ದೀಯ. ಹಾಗಾದರೆ ಫಿಂಗರ್‌ಬೋರ್ಡಿನ ಮರ ಯಾವುದು ಎಂದು ತಿಳಿಯಲೇಬೇಕು. ಫೆಂಡರ್‌ನವರು ಬ್ರೆಜಿಲಿನ ರೋಸ್‌ವುಡ್ ಬಿಟ್ಟು ಭಾರತದ್ದಕ್ಕೆ ಹೊರಳಿದ್ದು 1960ರ ದಶಕದ ನಡುವಿನಲ್ಲಿ. ಹಾಗಾಗಿ ಈ ಗಿಟಾರಿನಲ್ಲಿರುವುದು ಎರಡರಲ್ಲಿ ಯಾವುದೂ ಆಗಿರಬಹುದು. ಬ್ರೆಜಿಲಿನ ಮರವನ್ನು 1992ರಲ್ಲೇ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಅದು ಇರುವ ಗಿಟಾರ್ ಗಡಿ ದಾಟಬೇಕಾದರೆ ಮೊದಲೇ ಅನುಮತಿ ಪತ್ರ ಮಾಡಿಸಿಟ್ಟುಕೊ. ಭಾರತದ್ದು ಎಂದರೆ ನಮ್ಮ ಮಲೆನಾಡು, ಕೊಡಗಿನ ಕಾಡುಗಳಲ್ಲೂ ಬೆಳೆಯುವ ಬೀಟೆ. 2017ರಲ್ಲಿ ಅದಕ್ಕೂ ನಿರ್ಬಂಧ ಬಂತು, ಆದರೆ 2019ರ ನವೆಂಬರಿನಿಂದ ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಇದೆ. ಮರದ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊ. ಬರೆಯಲು ಹಿಂದೇಟು ಹಾಕಿದರೆ ಬೇರೆ ತಜ್ಞರಿಗೆ ತೋರಿಸದೆ ಮುಂಗಡ ಕೊಡಬೇಡ.

ಇದೇ ಪತ್ರದಲ್ಲಿ ಹಳೆಯ ಗಿಟಾರ್ ಮಾರುವವರಿಗೂ ಒಂದು ಮಾತು. ಸ್ವಾಮಿ, ಆದ ದುರಸ್ತಿಗಳನ್ನೆಲ್ಲ ಚೀಟಿಯಲ್ಲಿ ಬರೆದು ಗಿಟಾರಿಗೇ ಕಟ್ಟಿ. ಮುರಿದು ಅಂಟಿಸಿದ ತಲೆ, ಬದಲಾದ ಸ್ವಿಚ್, ಮರುಬಣ್ಣ ಇವು ಯಾವುವೂ ನಾಚಿಕೆಯ ವಿಷಯವಲ್ಲ. ಮುಚ್ಚಿಟ್ಟು ಪೂರ್ತಿ ಬೆಲೆ ಕೇಳುವುದು ಮೋಸ. ಅದರಿಂದ ಹಾಳಾಗುವುದು ಕೊಂಡವರ ದುಡ್ಡಷ್ಟೇ ಅಲ್ಲ, ಹಳೆಯ ವಾದ್ಯಗಳ ಮೇಲೆ ಹೊಸಬರು ಇಟ್ಟ ನಂಬಿಕೆ ಕೂಡ. ಕೊಳ್ಳಲು ಬಂದವರು ಅರ್ಧ ಗಂಟೆ ಕೂತು ನುಡಿಸಲಿ, ಬಿಡಿ. ಸಂಗ್ರಾಹಕರೇ, ಮುಟ್ಟದೆ ಉಳಿದದ್ದನ್ನು ನೀವು ಕಾಪಾಡಿ. ದುರಸ್ತಿಯಾದದ್ದು ನುಡಿಸುವವರ ಕೈಗೆ ಬರಲಿ.

ತಂಗಿ, ನಿನಗೂ ಒಂದು ಜವಾಬ್ದಾರಿ ಇದೆ. ಕೊಂಡ ಮೇಲೆ ಫ್ರೆಟ್ ಹಾಕಿಸು, ಸರಿಯಾಗಿ ಸೆಟಪ್ ಮಾಡಿಸು. ಆದರೆ ಮರ ಕೊರೆಸಬೇಡ. ಅದೊಂದು ಕೆಲಸ ಮಾತ್ರ ಮತ್ತೆ ಹಿಂದಕ್ಕೆ ಬಾರದು. ಬಿಚ್ಚಿದ ಪ್ರತಿ ತಿರುಪು, ಪ್ರತಿ ಬಿಡಿಭಾಗವನ್ನು ಪೊಟ್ಟಣ ಕಟ್ಟಿ ಕೇಸಿನಲ್ಲಿಡು, ಏನು ಯಾವಾಗ ಮಾಡಿಸಿದೆ ಎಂದು ಒಂದು ಹಾಳೆಯಲ್ಲಿ ಬರೆದಿಡು. ನಿನ್ನ ನಂತರ ನುಡಿಸುವವರಿಗೆ ಅದು ಬೇಕಾಗುತ್ತದೆ.

ನೆಕ್ ತಿರುಚಿದ್ದರೆ, ಟ್ರಸ್ ರಾಡ್ ಕೂತುಹೋಗಿದ್ದರೆ, ಬಿಚ್ಚಿ ತೋರಿಸಲು ಒಪ್ಪದಿದ್ದರೆ, ವಾಪಸು ಬಾ. ಊರಿನಲ್ಲಿ ಬೇರೆ ಗಿಟಾರುಗಳಿವೆ. ಇವೆಲ್ಲ ಸರಿಯಿದ್ದು, ಫ್ರೆಟ್ಟಿನ ಖರ್ಚು ಕಳೆದು ಕೊಡುತ್ತಾರಾದರೆ ಎರಡನೇ ಯೋಚನೆ ಬೇಡ, ತಗೋ. ಆಮೇಲೆ ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಬೇಡ. ಅಭ್ಯಾಸಕ್ಕೆ ಅದೇ ಇರಲಿ, ವೇದಿಕೆಗೂ ಅದೇ ಇರಲಿ. ಇಷ್ಟು ವರ್ಷ ನುಡಿಸಿಕೊಂಡು ಬಂದ ಗಿಟಾರನ್ನು ಇನ್ನಷ್ಟು ವರ್ಷ ನುಡಿಸುವುದೇ ಅದಕ್ಕೆ ಸಲ್ಲಬೇಕಾದ ಬೆಲೆ.

ಇಂತಿ,
ನಿನ್ನ ಅಣ್ಣ